ಹೊಂದಾಣಿಕೆಯ ಒಂದು ಸಾಲು

ತೀರಿಕೊಂಡ ಹಣಮಂತಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸುತ್ತಿದ್ದಾಗ, ಬೆನ್ನಿಗೆ ಇಡಲು ದಿಂಬು ಹಿಡಿದು ನಿಂತಿದ್ದ ಸೊಸೆ ಉಮಾಶ್ರೀಗೆ ಒಳಕೋಣೆಯಲ್ಲಿ ಕಂಪ್ಯೂಟರ್ ಶುರುವಾದ ಸದ್ದು ಕೇಳಿಸಿತು. ದಿಂಬನ್ನು ಗಂಡ ಸುನೀಲನ ಕೈಗೆ ಕೊಟ್ಟು ಒಳಗೆ ಹೋದಳು. ರಾಮದುರ್ಗದಿಂದ ಅರ್ಧ ತಾಸಿನ ಹಿಂದೆ ಬಂದಿದ್ದ ಸುನೀಲನ ಅಕ್ಕ ಮಂಜುಳಾ ತಂದೆಯ ಕುರ್ಚಿಯಲ್ಲಿ ಕೂತಿದ್ದಳು. ಅತ್ತ ಕಣ್ಣು ಇನ್ನೂ ಆರಿರಲಿಲ್ಲ.

"ವಿಮಾದ ನಂಬರ ಹುಡಕಾಕ ಹತ್ತೇನಿ," ಎಂದಳು ಮಂಜುಳಾ, ತಿರುಗಿ ನೋಡದೆ. "ಅಪ್ಪ ಲೆಕ್ಕಾ ಬರೀತಿದ್ದ ಮೊದಲಿನ ಸಾಫ್ಟ್‌ವೇರ್ ಎಲ್ಲಿ ಹೋತು?"

"ಅದು ಬಂದ್ ಆತ್ರಿ ಅಕ್ಕಾರ. ಹೊಸಾ ಕಂಪ್ಯೂಟರಿನ್ಯಾಗ ತಗೀಲೇ ಇಲ್ಲ. ದೀಪಾವಳಿ ಮುಂದ ಇದಕ್ಕ ಬದಲ ಮಾಡಿದ್ವಿ."

"ಯಾರು ಮಾಡಿದ್ರು?"

"ನಾನ ಮಾಡಿಕೊಟ್ಟೆ."

ಮಂಜುಳಾ ಪರದೆಯ ಮೇಲೆ ಬೆರಳಿಟ್ಟಳು. ಕಿರಾಣಿ, ಔಷಧ, ಲೈಟ್ ಬಿಲ್, ಹಾಲು, ಹನ್ನೊಂದು ವರ್ಷದ ಸಾಲುಗಳು. ಅವುಗಳ ನಡುವೆ ಒಂದು ಕಡೆ 'ಹೊಂದಾಣಿಕೆ' ಎಂದಿತ್ತು. ಮುಂದೆ ನಾಲ್ಕು ಲಕ್ಷ ಹನ್ನೆರಡು ಸಾವಿರದ ಆರುನೂರು. ಯಾರಿಗೆ, ಯಾತಕ್ಕೆ ಎಂಬುದು ಖಾಲಿ.

"ಇದೇನು?"

"ಮಾವಾರು ಹಾಕು ಅಂದ್ರು, ಹಾಕಿದೆ."

"ಸತ್ತಾವರ ಹೆಸರ ಹೇಳೂದು ಭಾಳ ಸಸಾರ ಐತಿ ನೋಡು," ಎಂದು ಮಂಜುಳಾ ಸಣ್ಣ ದನಿಯಲ್ಲೇ ಹೇಳಿದಳು. ಹೊಸ್ತಿಲ ಬಳಿ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿದರು.

ಉಮಾಶ್ರೀ ಯರಗಟ್ಟಿ ಪೇಟೆಯ ಕಾಳಿನ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಹೋಗುತ್ತಿದ್ದಳು. ದಿನವೂ ಇನ್ನೊಬ್ಬರ ದುಡ್ಡು ಮುಟ್ಟುವ ಕೈ ಅದು ಎಂದು ಆ ಹೆಂಗಸರೆಲ್ಲರಿಗೂ ಗೊತ್ತಿತ್ತು.

ಪಡಸಾಲೆಯಲ್ಲಿ ಶಿವಲಿಂಗ ಮಾತಾಡುತ್ತಿದ್ದ. ಬೈಲಹೊಂಗಲದ ಬಸ್ಸಿನಲ್ಲಿ ಹಣಮಂತಪ್ಪ ಕಂಡಕ್ಟರ್ ಆಗಿದ್ದಾಗ ಅವನೇ ಡ್ರೈವರ್. "ಒಮ್ಮೆ ಒಬ್ಬಾಕಿ ಮುದುಕಿಗೆ ಮೂರ ರೂಪಾಯಿ ಚಿಲ್ಲರ ಕೊಡೂದ ಉಳೀತು. ಆಕಿ ಇಳದ ಹೋದ್ಲು. ಮರುದಿನ ಅಲ್ಲೇ ಗಾಡಿ ನಿಲ್ಲಸಂದ. ಓಣಿಯೊಳಗ ಹೋಗಿ, ಆಕಿ ಮನಿ ಹುಡಕಿ ಕೊಟ್ಟ ಬಂದ. ಪ್ಯಾಸೆಂಜರ್ ಮಂದಿ ಬಾಯಿಗೆ ಬಂದಂಗ ಬೈದ್ರು. ಅಂವಾ ತಲಿ ಎತ್ತಲಿಲ್ಲ, ಟಿಕೀಟ ಹರಕೋತ ನಿಂತಾ."

"ಕೇಳಿದಿಲ್ಲ?" ಎಂದಳು ಮಂಜುಳಾ. "ಮೂರ ರೂಪಾಯಿ ಮರೀದಾಂವ, ನಾಲ್ಕ ಲಕ್ಷ ಹೆಸರಿಲ್ಲದ ಬರಸ್ತಾನ?"

ಬಾಗಿಲಲ್ಲಿ ಸುನೀಲ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅಕ್ಕನನ್ನು ನೋಡಲಿಲ್ಲ, ಹೆಂಡತಿಯನ್ನೇ ನೋಡಿದ. ಆಮೇಲೆ ಹೊರಗೆ ಹೋದ.

*

ನಾಲ್ಕು ತಿಂಗಳ ಹಿಂದೆ, ಒಂದು ರವಿವಾರ ಮುಂಜಾನೆ, ಮಾವ ಸೊಸೆ ಇಬ್ಬರೂ ಇದೇ ಕೋಣೆಯಲ್ಲಿ ಕೂತಿದ್ದರು. ಹಳೆಯ ಲೆಕ್ಕವನ್ನು ಹೊಸ ಸಾಫ್ಟ್‌ವೇರ್ ಒಳಗೆ ತೆಗೆದುಕೊಳ್ಳುವಾಗ ಒಂದೊಂದು ಬಾಬತ್ತನ್ನೂ ತರಲೇ ಎಂದು ಕೇಳುತ್ತಿತ್ತು. ಹಣಮಂತಪ್ಪ ಕನ್ನಡಕ ಏರಿಸಿಕೊಂಡು ಓದಿ, ಹೂಂ ಎನ್ನುತ್ತಿದ್ದ. 'ಮಂಜುಳಾ' ಎಂಬ ಬಾಬತ್ತು ಬಂದಾಗ ಹೂಂ ಎನ್ನಲಿಲ್ಲ.

"ಇದನ್ನ ತರಬ್ಯಾಡವಾ."

"ಬಿಟ್ರ ಬ್ಯಾಂಕಿನ ಲೆಕ್ಕಕ್ಕ ತಾಳ ಆಗೂದಿಲ್ರಿ ಮಾವಾರ."

"ಆಗೂಹಂಗ ಒಂದ ಸಾಲು ಹಾಕು. ಹೆಸರ ಬ್ಯಾಡ."

ಉಮಾಶ್ರೀ ಅದನ್ನು ತೆರೆದು ನೋಡಿದಳು. ಅಳಿಯನ ಅಂಗಡಿಗೆ ಎರಡು ಸಲ. ಬಾಣಂತನದ ದವಾಖಾನೆ. ಮನೆ ಬಾಡಿಗೆ, ಏಳು ತಿಂಗಳು. ಎರಡು ವರ್ಷದ ಹಿಂದೆ ಮಾಳಿಗೆಯ ಮೇಲೊಂದು ಕೋಣೆ ಕಟ್ಟಿಸೋಣ ಎಂದು ಅವಳು ಬಾಯಿಬಿಟ್ಟು ಕೇಳಿದಾಗ ಇದೇ ಮಾವ ರೊಕ್ಕ ಇಲ್ಲ ಎಂದಿದ್ದ. ಮೌಸಿನ ಮೇಲೆ ಅವಳ ಕೈ ನಿಂತುಬಿಟ್ಟಿತು.

"ನಿನಗ ಸಿಟ್ಟ ಬಂದಿರಬೇಕು. ಬರೂದ ಖರೇ," ಎಂದ ಹಣಮಂತಪ್ಪ. "ಆದ್ರ ಕೇಳು. ನಾ ಹೋದಮ್ಯಾಲೆ ಸುನೀಲ ಇದನ್ನ ನೋಡಿದ್ರ, ನಿನ್ನ ಪಾಲು ನೀ ಆಗಲೇ ತಿಂದೀ ಅಂತಾನ ಅಕ್ಕಗ. ಅಂವಾ ಕೆಟ್ಟಾಂವಲ್ಲ. ಅಂಕಿ ಕಣ್ಣಿಗೆ ಬಿತ್ತಂದ್ರ ಯಾರರ ಹಂಗ ಅಂತಾರ. ಈ ಮನಿ ಇಬ್ಬರಿಗೂ ಸಮ ಆಗಬೇಕು. ಅವನ ಮುಂದನೂ ಹೇಳಬ್ಯಾಡ."

ಅವಳು ಸಾಲು ಹಾಕಿದಳು. ಮಾವ ಚಹಾಕ್ಕೆಂದು ಎದ್ದಾಗ ಮಾತ್ರ ಹಳೆಯ ಲೆಕ್ಕವನ್ನೆಲ್ಲ ಯಾವ ಕಂಪ್ಯೂಟರಿನಲ್ಲೂ ತೆರೆಯುವ ಹಾಗೆ ಒಂದು ಪೆನ್‌ಡ್ರೈವಿಗೆ ತುಂಬಿ ತನ್ನ ಟ್ರಂಕಿನ ತಳದಲ್ಲಿಟ್ಟಳು. ನಾಳೆ ಯಾರಾದರೂ ಕೇಳಿದರೆ ಮಾವ ತನ್ನ ಪರವಾಗಿ ನಿಲ್ಲುತ್ತಾನೆಂದು ಅವಳಿಗೆ ನಂಬಿಕೆ ಇರಲಿಲ್ಲ.

*

ಮಣ್ಣು ಮುಗಿಸಿ ಬಂದಾಗ ಹೊತ್ತು ಇಳಿದಿತ್ತು. ಹಿತ್ತಲಲ್ಲಿ ಒಬ್ಬೊಬ್ಬರಾಗಿ ತಲೆಯ ಮೇಲೆ ನೀರು ಸುರಿದುಕೊಂಡರು. ಉಮಾಶ್ರೀ ಸೀರೆ ಬದಲಿಸಲು ಟ್ರಂಕು ತೆರೆದಾಗ ಸುನೀಲ ಹಿಂದೆ ಬಂದು ನಿಂತ.

"ಖರೇ ಹೇಳು. ಹೊರಗ ಯಾರಿಗೂ ಗೊತ್ತಾಗೂದಿಲ್ಲ. ದೀಪಾವಳಿಗೆ ನಿನ್ನ ತಮ್ಮ ಟ್ರ್ಯಾಕ್ಟರ್ ತಗೊಂಡನಲ್ಲ, ಅದಕ್ಕ ಕೊಟ್ಟಿ?"

ಒಂಬತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಮನುಷ್ಯ. ಉಮಾಶ್ರೀಗೆ ಅಳು ಬರಲಿಲ್ಲ. ಬಟ್ಟೆಗಳ ಕೆಳಗೆ ಕೈ ಹಾಕಿದಳು, ಪೆನ್‌ಡ್ರೈವ್ ಸಿಕ್ಕಿತು. ಅದನ್ನು ಇವನ ಕೈಗಿಟ್ಟರೆ ಸಾಕು, ಒಂದು ನಿಮಿಷದಲ್ಲಿ ತಾನು ತೊಳೆದ ಮುತ್ತಿನಂತಾಗುತ್ತೇನೆ. ಮುಷ್ಟಿ ಬಿಗಿದಳು. ಅವನನ್ನು ದಾಟಿ ಒಳಕೋಣೆಗೆ ಹೋದಳು.

ಮಂಜುಳಾ ತೊಯ್ದ ಸೀರೆಯಲ್ಲೇ ಮತ್ತೆ ಕಂಪ್ಯೂಟರ್ ಮುಂದೆ ಕೂತಿದ್ದಳು. ಉಮಾಶ್ರೀ ಪೆನ್‌ಡ್ರೈವನ್ನು ಅವಳ ಮುಂದಿಟ್ಟಳು.

"ಮೊದಲಿನ ಲೆಕ್ಕ ಎಲ್ಲಾ ಇದರಾಗ ಐತ್ರಿ ಅಕ್ಕಾರ. ಬಾಗಲಾ ಹಾಕ್ಕೊಂಡ ನೋಡ್ರಿ. ನೀವೊಬ್ರ."

"ಒಬ್ಬಾಕಿ ಯಾಕ? ಸುನೀಲನೂ ನೋಡಲಿ."

"ಮೊದಲ ನೀವು ನೋಡ್ರಿ. ಆಮ್ಯಾಲೆ ಕರೀರಿ ಅಂದ್ರ ಕರೀತೇನಿ."

ಉಮಾಶ್ರೀ ಬಾಗಿಲು ಮುಂದೆ ಮಾಡಿ ಹೊರಗೇ ನಿಂತಳು. ಒಳಗೆ ಮೌಸಿನ ಸದ್ದು ಚಟಚಟ ಕೇಳಿತು. ಆಮೇಲೆ ನಿಧಾನವಾಯಿತು. ಆಮೇಲೆ ನಿಂತೇ ಹೋಯಿತು. ಹೆಂಗಸರು ಇವಳನ್ನೇ ನೋಡುತ್ತಿದ್ದರು. ಇವಳು ಅವರ ಕಡೆ ನೋಡಲಿಲ್ಲ.

"ಏನ ನಡಸೀರಿ ಇಬ್ಬರೂ?" ಎಂದು ಸುನೀಲ ಬಂದ. ಅವಳ ಕೈ ಸರಿಸಿ ಬಾಗಿಲು ತಳ್ಳಿದ.

ಮಂಜುಳಾ ಎದ್ದು ನಿಂತಿದ್ದಳು. "ಲೆಕ್ಕ ಬರೋಬರಿ ಐತಿ ತಮ್ಮಾ," ಎಂದಳು. ದನಿ ಒಡೆದಿತ್ತು. "ನಾನ ತಪ್ಪ ನೋಡಿದ್ದೆ. ಉಮಾ ಏನೂ ಮಾಡಿಲ್ಲ."

"ಎಲ್ಲಿ, ಅತ್ತಾಗ ಸರಿ, ನೋಡೋಣ."

ಮಂಜುಳಾ ಸರಿಯಲಿಲ್ಲ. ಎರಡೂ ಕೈಯಿಂದ ಸೆರಗು ಅಗಲಿಸಿ ಹಿಡಿದು ಕಂಪ್ಯೂಟರಿಗೆ ಬೆನ್ನು ಕೊಟ್ಟು ನಿಂತಳು. ಕೂದಲಿನಿಂದ ನೀರು ಇಳಿಯುತ್ತಿತ್ತು. ತೊಯ್ದ ತೆಳು ಬಟ್ಟೆಯ ಆಚೆಯಿಂದ ಪರದೆಯ ಬೆಳಕು ಹಾಯ್ದು ಬರುತ್ತಿತ್ತು. ಒಂದರ ಕೆಳಗೊಂದು ಸಾಲುಗಳಿವೆ ಎಂಬುದಷ್ಟೇ ಕಾಣುತ್ತಿತ್ತು, ಓದಲು ಬರುತ್ತಿರಲಿಲ್ಲ.