ಪುಟ್ಟಿಯ ವಯಸ್ಸು

ಕಾಲೇಜಿನಿಂದ ಇಂಟರ್ನ್‌ಶಿಪ್‌ಗೆ ಬಂದ ಹುಡುಗಿಗೆ ಒಂದು ವಾರ ಯಾರೂ ಕೆಲಸ ಕೊಡಲಿಲ್ಲ. ಇಷ್ಟು ದೊಡ್ಡ ಕಂಪನಿ, ಒಬ್ಬ ವಿದ್ಯಾರ್ಥಿನಿಗೆ ಏನಾದರೂ ಹೇಳಿಕೊಡಲು ಒಬ್ಬರಿಗೂ ಪುರುಸೊತ್ತಿಲ್ಲ. ಕೊನೆಗೆ ನಾನೇ, ಕಾಟ ತಪ್ಪಲಿ ಎಂದು, ಜೀವವಿಮೆಯ ಸಾಫ್ಟ್‌ವೇರ್ ಪರೀಕ್ಷಿಸಲು ನಾವು ಸೃಷ್ಟಿಸಿಕೊಂಡಿದ್ದ ಸುಳ್ಳು ಗ್ರಾಹಕರನ್ನೆಲ್ಲ ಅಳಿಸಿಹಾಕಲು ಹೇಳಿದೆ. ಪಾಪ, ಅಚ್ಚುಕಟ್ಟಾಗಿ ಮಾಡಿದಳು. ಒಬ್ಬರನ್ನೂ ಉಳಿಸಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಟೀಮಿನ ಹಿರಿಯರು, ನಾವೆಲ್ಲ ದೊಡ್ಡಪ್ಪ ಎಂದೇ ಕರೆಯುವವರು, ಹೆಗಲಿನ ಬ್ಯಾಗನ್ನೂ ಇಳಿಸದೆ ಸ್ಕ್ರೀನ್ ನೋಡುತ್ತ ನಿಂತುಬಿಟ್ಟರು.

"ಪುಟ್ಟಿ ಎಲ್ಲಿ?"

"ಅದು ಡಮ್ಮಿ ಅಲ್ವಾ ಸರ್? ನಿನ್ನೆ ತೆಗೆದೆ," ಎಂದ ಹುಡುಗಿ ಅವರ ಮುಖ ನೋಡಿ ಗಾಬರಿಯಾದಳು. "ಈಗ್ಲೇ ಮತ್ತೆ ಹಾಕ್ತೀನಿ ಸರ್. ಹುಟ್ಟಿದ ದಿನ ಹೇಳಿ."

ಅವರು ಯೋಚಿಸದೆ ಹೇಳಿದರು. ಅವಳು ಟೈಪ್ ಮಾಡಿದಳು. ವಯಸ್ಸನ್ನು ಸಾಫ್ಟ್‌ವೇರೇ ಲೆಕ್ಕಹಾಕಿಕೊಂಡಿತು.

"ಇಪ್ಪತ್ತು ಅಂತ ತೋರಿಸ್ತಿದೆ, ನನ್ನ ವಯಸ್ಸೇ. ಸರೀನಾ ಸರ್?"

"ಸರಿ ಇದೆಯಮ್ಮ," ಎಂದರು ದೊಡ್ಡಪ್ಪ. "ನನ್ನ ಮಗಳು ಆರು ವರ್ಷಕ್ಕೇ ಹೋಗ್ಬಿಟ್ಲು. ಇಲ್ಲಾದ್ರೂ ಬೆಳೀಲಿ ಅಂತ ಇಟ್ಟಿದ್ದೆ."

ಹುಡುಗಿ ಕೀಬೋರ್ಡಿನಿಂದ ಕೈ ತೆಗೆದಳು. ಪಕ್ಕದ ಸೀಟಿನಲ್ಲಿದ್ದ ನಾನು ತಲೆ ಎತ್ತಲಿಲ್ಲ. ಗ್ರಾಹಕರು ಸತ್ತರೆ ಮನೆಯವರಿಗೆ ವಿಮೆಯ ಹಣ ಸರಿಯಾಗಿ ಮಂಜೂರಾಗುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ನಾವು ಪುಟ್ಟಿಯನ್ನು ಎಷ್ಟೋ ಸಲ ಸಾಯಿಸಿದ್ದೆವು. ಪ್ರತಿ ಸಲವೂ ಸಂಜೆ ಮನೆಗೆ ಹೊರಡುವ ಮುನ್ನ ದೊಡ್ಡಪ್ಪ, ಯಾರಿಗೂ ಏನೂ ಅನ್ನದೆ, ಅವಳನ್ನು ಬದುಕಿಸಿ ಹೋಗುತ್ತಿದ್ದರು.