ಬಚ್ಚಲಲ್ಲಿ ಹದಿನೇಳರ ಮಗ್ಗಿ

ಅನಾನಸ್ ಬೆಳೆಯುತ್ತಿದ್ದ ಕೆರಿಯಪ್ಪ ಒಂದು ದಿನ ಯಾರಿಗೂ ಒಂದು ಮಾತು ಹೇಳದೆ ತನ್ನ ಜೀವ ತಾನೇ ಕಳೆದುಕೊಂಡ. ಅವನ ಹನ್ನೊಂದನೆಯ ದಿನ ಮುಗಿದದ್ದೇ ತಡ, ತಾಯಿ ಮುರಿಗೆವ್ವ ಬಚ್ಚಲುಮನೆಯ ಚಿಲಕ ಕಿತ್ತು ಸೊಸೆ ನೇತ್ರಾಳಿಗೆ ಕಾನೂನು ಹೊರಡಿಸಿದಳು: ಒಳಗೆ ಹೋದವರು ಬಾಯಿ ಮುಚ್ಚುವಂತಿಲ್ಲ. ಹಾಡಲಿ, ಬೈಯಲಿ, ಹೊರಗೆ ನಿಂತವರಿಗೆ ದನಿ ಕೇಳುತ್ತಿರಬೇಕು.

ಮುದುಕಿಗೆ ಬರುತ್ತಿದ್ದದ್ದು ಮದುವೆಯ ಹಾಡು ಮಾತ್ರ. ದಿನಾ ಬೆಳಿಗ್ಗೆ ಬಚ್ಚಲೊಳಗೆ ಯಾರದೋ ಮದುವೆ ನಡೆಯುತ್ತಿತ್ತು; ಬನವಾಸಿ ಬಸ್ಸಿಗೆ ಕಾಯುವವರೆಲ್ಲ ಪುಕ್ಕಟೆ ಅಕ್ಷತೆ ಹಾಕುತ್ತಿದ್ದರು. ನೇತ್ರಾಳಿಗೆ ಹಾಡು ಬಾರದು, ಮಗ್ಗಿ ಬರುತ್ತಿತ್ತು. ಹದಿನೇಳರ ಮಗ್ಗಿಯಲ್ಲಿ ಏಳಕ್ಕೆ ಬಂದು ತಡವರಿಸಿದರೆ ಬೇಲಿಯಾಚೆಯಿಂದ ಪಕ್ಕದ ಮನೆಯ ದೇವಕಿ "ನೂರಾ ಹತ್ತೊಂಬತ್ತು!" ಎಂದು ಕೂಗುತ್ತಿದ್ದಳು. ಓಣಿಗೆ ಓಣಿಯೇ ಲೆಕ್ಕದಲ್ಲಿ ಪಾಸಾಯಿತು ಅನ್ನಿ.

ನೇತ್ರಾಳಿಗೆ ಬೇಕಿದ್ದದ್ದು ಒಂದೇ, ಹತ್ತು ನಿಮಿಷ ಒಬ್ಬಳೇ ಅಳುವುದು. ಗಂಡ ಹೋಗಿ ಎಂಟು ತಿಂಗಳಾದರೂ ಮನಸಾರೆ ಅತ್ತಿರಲಿಲ್ಲ. ಮಗ್ಗಿ ಹೇಳುತ್ತ ಅಳುವುದು ಮನುಷ್ಯರ ಕೈಲಾಗುವ ಕೆಲಸವೇ? ಅತ್ತೆಗೆ ತನ್ನ ಮೇಲೆ ನಂಬಿಕೆಯಿಲ್ಲ ಎಂಬ ಸಿಟ್ಟು ಬೇರೆ.

ಒಂದು ಸೋಮವಾರ, ಎದೆಗೆ ಲಂಗ ಕಟ್ಟಿಕೊಂಡು ಮೀಯುತ್ತಿದ್ದವಳು "ಹದಿನೇಳಾರ್ಲೆ ನೂರಾ ಎರಡು" ಎಂದು ನಿಲ್ಲಿಸಿಯೇಬಿಟ್ಟಳು. ಟವೆಲ್ಲನ್ನು ಬಾಯಿಗೊತ್ತಿ ಅಳತೊಡಗಿದಳು. "ನೂರಾ ಹತ್ತೊಂಬತ್ತು!" ಎಂದಳು ದೇವಕಿ. ಮತ್ತೂ ಕೂಗಿದಳು. ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆದು ಮುರಿಗೆವ್ವ ನುಗ್ಗಿದಳು, ಸಾಬೂನಿನ ಮೇಲೆ ಕಾಲಿಟ್ಟಳು, ಸರ್ರನೆ ಜಾರಿ ಹೋಗಿ ತಣ್ಣೀರಿನ ಟಬ್ಬಿನಲ್ಲಿ ಕೂತುಬಿಟ್ಟಳು.

"ಅಯ್ಯಯ್ಯ, ಎಂಥಾ ಥಂಡಿ ನೀರ ಇಟ್ಟೀಯೇ!"

ನೇತ್ರಾಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು. ಅತ್ತೆಗೂ ತಗುಲಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ ನಕ್ಕರು. ಸಾವಾದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

"ನಾ ಏನೂ ಮಾಡ್ಕೊಳ್ಳಂಗಿಲ್ರಿ ಅತ್ತಿ," ಎಂದಳು ನೇತ್ರಾ ಬಿಕ್ಕುತ್ತ. "ಎಷ್ಟ ದಿನಾ ನನ್ನ ಕಾಯ್ತೀರಿ?"

ಟಬ್ಬಿನಲ್ಲಿ ಸಿಕ್ಕಿಕೊಂಡೇ ಮುರಿಗೆವ್ವ ಕಣ್ಣೊರೆಸಿಕೊಂಡಳು. "ನಿನ್ನ ಕಾಯಾಕ ಅಲ್ಲವ್ವ. ನನ್ನ ಕಾಯಿ ಅಂತ ಬಾಯಿ ಬಿಟ್ಟ ಕೇಳಾಕ ನಾಚಿಕಿ ಬಂತು, ಅದಕ್ಕ ಇಬ್ಬರಿಗೂ ಕಾನೂನ ಮಾಡಿದ್ನಿ. ಒಳಗ ಹಾಡ್ಕೋತ ಕುಂತಾಗ ಈ ಜೀವಾ ಇವತ್ತಿಗೆ ಸಾಕು ಅನಸ್ತೈತಿ. ಹೊರಗ ನೀ ನಿಂತಿರ್ತೀಯಲ್ಲ, ಅದಕ್ಕ ಮೈ ಒರಸ್ಕೊಂಡ ಬರ್ತೇನಿ."

ನೇತ್ರಾಳ ನಗು ನಿಂತಿತು. ಟಬ್ಬಿನ ಪಕ್ಕ ಕೂತು ಅತ್ತೆಯನ್ನು ತಬ್ಬಿಕೊಂಡಳು. ಬಾಗಿಲು ಹಾರುಹೊಡೆದಿತ್ತು, ಓಣಿಗೆಲ್ಲ ಕೇಳುವಂತೆ ಇಬ್ಬರೂ ಅತ್ತರು.