ಕಾರ್ಡ್ ಫುಲ್

ಬಾಯಿ ತೆರೆದರೆ ಸಿನಿಮಾ ಮಾತೇ ಉದುರುತ್ತಿದ್ದರಿಂದ ಟ್ಯಾಕ್ಸಿ ಸ್ಟ್ಯಾಂಡಿನವರು ಅವನಿಗೆ ಡೈಲಾಗ್ ಎಂದೇ ಹೆಸರಿಟ್ಟಿದ್ದರು. ಅವನ ಸೋದರಮಾವನಿಗೆ ಟ್ಯಾಕ್ಸಿ ಓಡಿಸಿ ಓಡಿಸಿ ಸೊಂಟ ಹಿಡಿದಿತ್ತು. ಗಾಡಿಯನ್ನು ಅಳಿಯನಿಗೇ ಬಿಟ್ಟುಕೊಡುವ ಮನಸ್ಸು ಮಾಡಿದ್ದರು. ಆದರೆ ಒಂದು ಷರತ್ತು.

“ಭಾನುವಾರ ಡ್ಯಾಶ್‌ಕ್ಯಾಮ್ ನೋಡ್ತೀನಿ. ನೀನು ಹೇಗೆ ಓಡಿಸ್ತೀಯ ಅಂತ ಅದೇ ಹೇಳುತ್ತೆ. ಸರಿ ಇದ್ರೆ ಕೀ ನಿಂದು.”

“ಕ್ಯಾಮೆರಾ ಮುಂದೆ ನಿಲ್ಲೋಕೇ ಹುಟ್ಟಿದವನು ಮಾವ ನಾನು!” ಎಂದವನಿಗೆ, ಮರುಕ್ಷಣವೇ ನಿನ್ನೆಯ ಸವಾರಿ ನೆನಪಾಯಿತು.

ಆ ಕ್ಯಾಮೆರಾಕ್ಕೆ ಎರಡು ಕಣ್ಣು: ಒಂದು ರಸ್ತೆಗೆ, ಒಂದು ಒಳಕ್ಕೆ. ಹಿಂದಿನ ದಿನ ಅತ್ತೆಯನ್ನು ದರ್ಜಿಯ ಅಂಗಡಿಗೆ ಬಿಡುವಾಗ ಡೈಲಾಗ್ ಮಾವನ ಮಿಮಿಕ್ರಿ ಮಾಡಿದ್ದ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಸ್ಟೇರಿಂಗಿನ ಕತ್ತು ಹಿಸುಕುವವನಂತೆ ಹಿಡಿದು, “ನನ್ ಸರ್ವೀಸಲ್ಲಿ ಒಂದು ಗೀರು ಬಿದ್ದಿಲ್ಲ, ಗೊತ್ತಾ!” ಎನ್ನುತ್ತ, ಹಾರಿಬಂದ ಪ್ಲಾಸ್ಟಿಕ್ ಕವರಿಗೆ ಹೆದರಿ ಧಡಾರನೆ ಬ್ರೇಕ್ ಹಾಕಿದ್ದ. ಹಿಂದೆ ಕೂತ ಅತ್ತೆ ನಕ್ಕೂ ನಕ್ಕೂ ಸೀಟಿನಿಂದ ಜಾರಿದ್ದರು.

ಒಂದೇ ಆಸೆ ಉಳಿದಿತ್ತು. ಕ್ಯಾಮೆರಾದ ಮೆಮೊರಿ ಕಾರ್ಡು ಚಿಕ್ಕದು, ತುಂಬಿದರೆ ಹೊಸ ವಿಡಿಯೋ ಹಳೆಯದರ ಮೇಲೇ ಕೂರುತ್ತದೆ. ಅಂದರೆ ಎಷ್ಟು ಓಡಿಸಿದರೆ ಅಷ್ಟು ಬೇಗ ಸಾಕ್ಷಿ ನಾಶ! ಡೈಲಾಗ್ ಬೀದಿಗೇ ಉಪಕಾರಿಯಾದ. ಕೇಳಿದವರನ್ನೂ ಕೂರಿಸಿಕೊಂಡ, ಕೇಳದವರನ್ನೂ ಕೂರಿಸಿಕೊಂಡ. ಪಕ್ಕದ ಮನೆಯ ಅಜ್ಜಿಯನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದ. ಅಜ್ಜಿಗೆ ಹಲ್ಲೇ ಇರಲಿಲ್ಲ.

ಶನಿವಾರ ಕ್ಯಾಮೆರಾ ಕೀಂಯ್ ಎಂದು ಕಿರುಚಿ, “ಕಾರ್ಡ್ ಫುಲ್” ಎಂದು ಕೆಂಪಕ್ಷರ ತೋರಿಸಿ ಮುಷ್ಕರ ಹೂಡಿತು.

“ಪಾಪ, ಚಿಕ್ಕ ಕಾರ್ಡು. ದೊಡ್ಡದು ಹಾಕಿಸೋಣ,” ಎಂದರು ಮಾವ. ಮಾವ, ಅತ್ತೆ, ಡೈಲಾಗ್ ಮೂವರೂ ಕ್ಯಾಮೆರಾ ಅಂಗಡಿಗೆ ಹೋದರು.

ಅಂಗಡಿಯಾಕೆ ಹಳೆಯ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ಹುಬ್ಬೇರಿಸಿದಳು. “ಸರ್, ಗಾಡಿ ಜೋರಾಗಿ ಕುಲುಕಿದ್ರೆ ಕ್ಯಾಮೆರಾ ಆಕ್ಸಿಡೆಂಟ್ ಅಂದ್ಕೊಂಡು ಆ ವಿಡಿಯೋಗೆ ಬೀಗ ಹಾಕುತ್ತೆ. ಅದು ತಾನಾಗಿ ಅಳಿಸಿಹೋಗಲ್ಲ. ನಿಮ್ಮ ಕಾರ್ಡ್ ತುಂಬ ಬರೀ ಬೀಗಾನೇ! ಅಷ್ಟೊಂದು ಆಕ್ಸಿಡೆಂಟಾ?”

ಮಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. “ನನ್ ಸರ್ವೀಸಲ್ಲಿ ಒಂದು ಗೀರು ಬಿದ್ದಿಲ್ಲ, ಗೊತ್ತಾ!”

ಬೀಗಗಳೆಲ್ಲ ಮಾವನ ಬ್ರೇಕುಗಳದ್ದು. ಒಂದು ಮಾತ್ರ ಡೈಲಾಗ್‌ನದು. ಅಷ್ಟು ಜೀವ ತುಂಬಿ ನಟಿಸಿದ್ದೇ ಜೀವಕ್ಕೆ ಕುತ್ತಾಯಿತು.

“ಇದೊಂದು ನೋಡೋಣ,” ಎಂದು ಆಕೆ ಒತ್ತಿಯೇಬಿಟ್ಟಳು. ದೊಡ್ಡ ಪರದೆಯ ತುಂಬ ಡೈಲಾಗ್‌ನ ಮುಖ. ಮೂಗಿನ ತುದಿಗೆ ಕನ್ನಡಕ. ಅದೇ ಮಾತು, ಅದೇ ಬ್ರೇಕ್. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಡೈಲಾಗ್ ಬಾಗಿಲು ಎಷ್ಟು ದೂರವಿದೆ ಎಂದು ಕಣ್ಣಲ್ಲೇ ಅಳೆದ.

ಮಾವನ ಭುಜ ನಡುಗಿತು. ಕೋಪವಲ್ಲ, ನಗು! ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

“ಥೇಟ್ ನಿಮ್ಮಣ್ಣ ಕಣೇ! ಅವನೂ ಹೀಗೇ ಅಲ್ವಾ, ಕವರ್ ಕಂಡ್ರೂ ಬ್ರೇಕು!”

ಅತ್ತೆ ಒಂದು ಗಳಿಗೆ ಅಳಿಯನ ಮುಖ ನೋಡಿದರು. “ಹೂಂ ರೀ... ನಮ್ಮಣ್ಣನೇ,” ಎಂದು ತವರಿನ ಮಾನವನ್ನು ಅಲ್ಲೇ ಹರಾಜಿಗಿಟ್ಟರು.

“ತಗೊಳ್ಳೋ ಕೀ! ಇಷ್ಟು ಗಮನ ಇಟ್ಟು ನೋಡೋನು ರಸ್ತೇನೂ ನೋಡ್ತಾನೆ. ಏನಮ್ಮಾ, ಇರೋದ್ರಲ್ಲೇ ದೊಡ್ಡ ಕಾರ್ಡ್ ಹಾಕು. ಈ ವಿಡಿಯೋ ಮೊದಲು ಅದಕ್ಕೆ ತುಂಬು. ನನ್ನ ಫೋನಿಗೂ ಹಾಕು!”

ಸಂಜೆ ಸ್ಟ್ಯಾಂಡಿನಲ್ಲಿ ಮಾವ ಎಲ್ಲರನ್ನೂ ಗುಂಪು ಕೂಡಿಸಿ ಫೋನ್ ಎತ್ತಿ ಹಿಡಿದರು. “ಯಾರ ಮಿಮಿಕ್ರಿ, ಹೇಳಿ ನೋಡೋಣ!”

ಡ್ರೈವರುಗಳು ಪರದೆ ನೋಡಿದರು, ಮಾವನನ್ನು ನೋಡಿದರು, ಆಮೇಲೆ ಅವರ ಬೆನ್ನ ಹಿಂದೆ ಕೈಮುಗಿದು ನಿಂತಿದ್ದ ಡೈಲಾಗ್‌ನನ್ನು ನೋಡಿದರು. ಎಲ್ಲರಿಗಿಂತ ಹಿರಿಯ ಡ್ರೈವರು ಗಂಟಲು ಸರಿಮಾಡಿಕೊಂಡರು.

“ಯಾರೋ ಏನೋಪ್ಪ, ಗೊತ್ತಾಗ್ಲಿಲ್ಲ.” ಆಮೇಲೆ ಡೈಲಾಗ್‌ನ ಕಿವಿಯ ಹತ್ತಿರ ಬಂದು, “ನಾಳೆಯಿಂದ ನನ್ ಗಾಡಿ ನೀನೇ ತೊಳೀಬೇಕು, ಹೀರೋ.”

ಹಿಂದೆಯೇ ಎರಡನೆಯವನೂ ಗಂಟಲು ಸರಿಮಾಡಿಕೊಂಡ. ಅವನ ಹಿಂದೆ ಮೂರನೆಯವನು.